ಇಗರ್ಜಿಗೆ ಒಪ್ಪುವ ಗೌನು



ಈಸ್ಟರ್ ಹಬ್ಬ ಕಳೆಯಿತು. ಅದಕ್ಕೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ನಮ್ಮ ಕ್ರೈಸ್ತ ಮನೆಗಳಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ತಡೆದು ನಿಂತ ಮದುವೆಗಳೆಲ್ಲ ಈಗ ಒಟ್ಟಿಗೇ ಬರುತ್ತವೆ. ಏಪ್ರಿಲ್, ಮೇ ಎರಡು ತಿಂಗಳು ಕರಾವಳಿಯ ಇಗರ್ಜಿಗಳಿಗೆ ಬಿಡುವಿಲ್ಲ. ಹಾಲ್ ಸಿಕ್ಕಿತೇ, ಬ್ಯಾಂಡಿನವರು ಒಪ್ಪಿದರೇ, ತೆಂಗಿನ ಹಾಲು ಹಚ್ಚುವ ಮುನ್ನಾದಿನದ ರೋಸಿಗೆ ಎಷ್ಟು ಜನ ಬರುತ್ತಾರೆ, ಮನೆಮನೆಯಲ್ಲೂ ಇದೇ ಮಾತು. ಇಷ್ಟರ ನಡುವೆ ಹುಡುಗಿಯ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಓಡುತ್ತಿರುತ್ತದೆ. ಗೌನು ಯಾವುದು?

ನನ್ನ ಕಸುಬು ಹೊಲಿಗೆ. ಅದರಲ್ಲೂ ಮದುವೆಯ ಗೌನು. ತಾಯಿ ಮಗಳು ಇಬ್ಬರೂ ಮೊಬೈಲು ತುಂಬ ಚಿತ್ರ ಇಟ್ಟುಕೊಂಡು ಬರುತ್ತಾರೆ. “ಆಂಟೀ, ನನಗೆ ಇದೇ ಬೇಕು” ಎಂದು ಹುಡುಗಿ ಮೊಬೈಲನ್ನು ಮುಂದೆ ಹಿಡಿಯುತ್ತಾಳೆ. ಚಿತ್ರ ನೋಡುವ ಮುಂಚೆ ನಾನೊಂದು ಮಾತು ಕೇಳುತ್ತೇನೆ. “ಮದುವೆ ಯಾವ ಇಗರ್ಜಿಯಲ್ಲಿ ಮಗಾ?” ತಾಯಿ ಮಗಳು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಗೌನಿಗೂ ಇಗರ್ಜಿಗೂ ಏನು ಸಂಬಂಧ ಎಂಬ ಭಾವ ಇಬ್ಬರ ಮುಖದಲ್ಲೂ ಇರುತ್ತದೆ. ಇವತ್ತು ನಾನು ಮಾತಾಡಲು ಹೊರಟಿರುವುದು ಆ ಸಂಬಂಧದ ಬಗ್ಗೆಯೇ.

ಬಟ್ಟೆಯಂಗಡಿಗೆ ಹೋಗುವ ಮುಂಚೆ ಇಗರ್ಜಿಗೆ ಹೋಗಿ ಬನ್ನಿ. ಬಲಿಪೂಜೆ ಇಲ್ಲದ ಹೊತ್ತಿನಲ್ಲಿ ಹೋಗಿ. ಮದುವೆ ಸಂಜೆ ನಾಲ್ಕಕ್ಕೆ ಎಂದಾದರೆ ಸಂಜೆ ನಾಲ್ಕಕ್ಕೇ ಹೋಗಿ. ಜೊತೆಗೆ ಅಪ್ಪನನ್ನೂ ಕರೆದುಕೊಂಡು ಹೋಗಿ.

ಬಾಗಿಲಲ್ಲಿ ನಿಂತು ಬಲಿಪೀಠದ ಕಡೆ ನೋಡಿ. ಎರಡು ಬದಿಗೂ ಬೆಂಚುಗಳ ಸಾಲು. ನಡುವೆ ನಡೆದು ಹೋಗುವ ದಾರಿ. ಆ ದಾರಿಯ ಅಗಲ ಎಷ್ಟು? ಅಳತೆಪಟ್ಟಿ ಬೇಕಾಗಿಲ್ಲ. ನಿಮ್ಮ ಎರಡೂ ಕೈಗಳನ್ನು ಪಕ್ಕಕ್ಕೆ ಪೂರ್ತಿ ಚಾಚಿ. ಒಂದು ಕೈಯ ಬೆರಳ ತುದಿಯಿಂದ ಇನ್ನೊಂದು ಕೈಯ ಬೆರಳ ತುದಿಗೆ ಹೆಚ್ಚುಕಡಿಮೆ ನಿಮ್ಮ ಎತ್ತರದಷ್ಟೇ ಅಳತೆ. ಅಂದರೆ ಸುಮಾರು ಐದು ಅಡಿ. ಹಳ್ಳಿಯ ಸಣ್ಣ ಇಗರ್ಜಿಗಳಲ್ಲಿ ಎಷ್ಟೋ ಕಡೆ ಚಾಚಿದ ಕೈ ಎರಡು ಬದಿಯ ಬೆಂಚಿಗೂ ತಾಗುತ್ತದೆ. ಈಗ ಗೌನಿನ ಲೆಕ್ಕ ಹಾಕೋಣ. ಬಾಲ್ ಗೌನ್ ಎನ್ನುತ್ತಾರಲ್ಲ, ಸೊಂಟದಿಂದ ಕೆಳಗೆ ಸುತ್ತಲೂ ಉಬ್ಬಿ ನಿಲ್ಲುವ ಗೌನು, ಅದು ನೆಲದ ಹತ್ತಿರ ನಾಲ್ಕು ಅಡಿ ಅಗಲಕ್ಕೆ ಹರಡಿಕೊಳ್ಳುತ್ತದೆ. ಮಗಳ ಪಕ್ಕದಲ್ಲಿ ಅಪ್ಪ ನಡೆಯಬೇಕು. ಅಪ್ಪನಿಗೆ ಉಳಿಯುವ ಜಾಗ ಎಷ್ಟು?

ಮಗಳ ಗೌನನ್ನು ತುಳಿದುಬಿಟ್ಟೇನೆಂಬ ಹೆದರಿಕೆಯಲ್ಲಿ ಅಡ್ಡಡ್ಡ ಹೆಜ್ಜೆ ಇಡುತ್ತಾ ಬರುವ ತಂದೆಯರನ್ನು ನಾನು ನೋಡಿದ್ದೇನೆ. ಬಾಗಿಲಿಂದ ಬಲಿಪೀಠದವರೆಗೂ ಅವರ ಕಣ್ಣು ನೆಲದ ಮೇಲೆಯೇ. ಮಗಳ ಮುಖದ ಕಡೆ ಒಂದು ಸಲವೂ ತಿರುಗಲಿಲ್ಲ. ಸಾಕಿ ಬೆಳೆಸಿದ ಮಗಳನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಆ ನಾಲ್ಕು ನಿಮಿಷ ಒಬ್ಬ ತಂದೆಗೆ ಮತ್ತೆ ಸಿಗುವುದಿಲ್ಲ. ಆ ನಡಿಗೆಯನ್ನು ಬಟ್ಟೆ ಕಿತ್ತುಕೊಳ್ಳಬಾರದು. ದಾರಿ ಕಿರಿದಾಗಿದ್ದರೆ ಎ-ಲೈನ್ ಗೌನು ಹೊಲಿಸಿ. ಸೊಂಟದಿಂದ ಮೆಲ್ಲಗೆ ಅಗಲವಾಗುತ್ತಾ ಇಳಿಯುವ ಗೌನು ಅದು. ಅದು ಒಪ್ಪದ ಮೈಕಟ್ಟನ್ನು ನಾನು ಇದುವರೆಗೆ ಕಂಡಿಲ್ಲ.

ದಾರಿಯ ಅಗಲ ಆಯಿತು. ಇನ್ನು ಅದರ ಉದ್ದ. ಗೌನಿನ ಹಿಂದೆ ನೆಲದ ಮೇಲೆ ಎಳೆದು ಬರುವ ಭಾಗಕ್ಕೆ ಟ್ರೇನ್ ಎನ್ನುತ್ತೇವೆ. ಹೊಲಿಗೆಯವರು ಟ್ರೇನಿನ ಅಳತೆಗಳನ್ನು ಹೆಸರಿಸಿದ್ದೇ ಪ್ರಾರ್ಥನಾಲಯದ ಗಾತ್ರ ನೋಡಿ. ಮೂರು ನಾಲ್ಕು ಅಡಿಯದು ಚಾಪೆಲ್ ಟ್ರೇನ್. ಆರು ಅಡಿ ದಾಟಿದರೆ ಕ್ಯಾಥೆಡ್ರಲ್ ಟ್ರೇನ್. ಸಣ್ಣ ಪ್ರಾರ್ಥನಾಲಯಕ್ಕೆ ಸಣ್ಣದು, ಮಹಾದೇವಾಲಯಕ್ಕೆ ದೊಡ್ಡದು. ಮೈಸೂರಿನ ಸಂತ ಫಿಲೋಮಿನಾ ಇಗರ್ಜಿಯನ್ನು ನೆನಪಿಸಿಕೊಳ್ಳಿ. ಎಂಟು ನೂರರಷ್ಟು ಜನ ಕೂರುವ ಜಾಗ. ಆಕಾಶಕ್ಕೆ ಏರಿದ ಚೂಪು ಕಮಾನುಗಳು. ಅಂಥ ಕಡೆ ಹಿಂದೆ ಆರು ಅಡಿ ಬಟ್ಟೆ ಹರಿದು ಬಂದರೆ ಅದಕ್ಕೊಂದು ಘನತೆ ಇದೆ. ಅದೇ ಆರು ಅಡಿಯನ್ನು ಹತ್ತೇ ಸಾಲು ಬೆಂಚಿರುವ ಊರ ಇಗರ್ಜಿಗೆ ತಂದರೆ ಹುಡುಗಿ ಬಲಿಪೀಠ ಮುಟ್ಟುವ ಹೊತ್ತಿಗೂ ಟ್ರೇನಿನ ತುದಿ ಮುಂದಿನ ಬೆಂಚುಗಳ ನಡುವೆಯೇ ಇರುತ್ತದೆ.

ಇಂಗ್ಲೆಂಡಿನ ಯುವರಾಣಿ ಡಯಾನಾ ಅವರ ಮದುವೆ ಹಲವರಿಗೆ ನೆನಪಿರಬಹುದು. 1981ರ ಜುಲೈ 29. ಲಂಡನ್ನಿನ ಸೇಂಟ್ ಪಾಲ್ ಮಹಾದೇವಾಲಯ. ಟ್ರೇನಿನ ಉದ್ದ 25 ಅಡಿ. ಆ ದೇವಾಲಯ ಅದನ್ನು ತಾಳಿಕೊಳ್ಳುವಷ್ಟು ದೊಡ್ಡದು. ಆದರೆ ಬಟ್ಟೆ ರೇಷ್ಮೆಯ ಟಾಫೆಟಾ. ಮಡಿಸಿದರೆ ಗೆರೆ ಉಳಿಯುವ ಬಟ್ಟೆ. ಅಷ್ಟು ಬಟ್ಟೆಯನ್ನು ಕುದುರೆ ಸಾರೋಟಿನೊಳಗೆ ಮಡಿಸಿ ತುಂಬಿದ್ದರು. ಡಯಾನಾ ಕೆಳಗಿಳಿದು ಮೆಟ್ಟಿಲ ಮೇಲೆ ನಿಂತಾಗ ಗೌನು ಸುಕ್ಕುಗಟ್ಟಿದ್ದನ್ನು ಲೋಕವೇ ನೋಡಿತು. ಮುಂದೆ 2011ರಲ್ಲಿ ಅವರ ಮಗ ವಿಲಿಯಂ ಮದುವೆಯಾದಾಗ, ಮದುಮಗಳು ಕ್ಯಾಥರೀನ್ ಅವರ ಟ್ರೇನು ಒಂಬತ್ತು ಅಡಿಯ ಆಸುಪಾಸಿನಲ್ಲಿತ್ತು. ಅದೂ ವೆಸ್ಟ್‌ಮಿನ್‌ಸ್ಟರ್ ಅಬೆಯಂಥ ದೊಡ್ಡ ದೇವಾಲಯದಲ್ಲಿ. ನಮ್ಮ ಮಗಳು ಬರುವುದು ಬಾಡಿಗೆ ಕಾರಿನಲ್ಲಿ. ಆ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ತಂಗಿಯೂ ಕೂರುತ್ತಾರೆ. ಗೌನಿನ ಬಟ್ಟೆ ಆರಿಸುವಾಗ ಅಂಗಡಿಯಲ್ಲೇ ಒಂದು ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಒಂದು ನಿಮಿಷ ಅದುಮಿ. ಬಿಟ್ಟ ಮೇಲೆ ಸುಕ್ಕು ಹಾಗೇ ಉಳಿದರೆ ಆ ಬಟ್ಟೆ ಕಾರಿನ ಪ್ರಯಾಣಕ್ಕೆ ಆಗುವುದಿಲ್ಲ.

ಇದುವರೆಗೆ ಹೇಳಿದ್ದು ಇಗರ್ಜಿಯ ದಾರಿಯ ಬಗ್ಗೆ. ದಾರಿಯ ಅಗಲ ಗೌನಿನ ಅಗಲವನ್ನು ತೀರ್ಮಾನಿಸುತ್ತದೆ. ದಾರಿಯ ಉದ್ದ ಟ್ರೇನಿನ ಉದ್ದವನ್ನು ತೀರ್ಮಾನಿಸುತ್ತದೆ. ಈಗ ಬಲಿಪೀಠದ ಮುಂದೆ ಬಂದು ನಿಂತಿದ್ದೇವೆ. ಮದುಮಗಳು ಅಲ್ಲಿ ಏನೇನು ಮಾಡುತ್ತಾಳೆ ಎಂದು ನೋಡೋಣ.

ಮೊದಲು ಮೆಟ್ಟಿಲು ಹತ್ತುತ್ತಾಳೆ. ಸಾಮಾನ್ಯವಾಗಿ ಎರಡೋ ಮೂರೋ ಮೆಟ್ಟಿಲು. ವಾಚನ, ಪ್ರಬೋಧನೆಯ ಹೊತ್ತಿಗೆ ಕೂರುತ್ತಾಳೆ. ಆಮೇಲೆ ಎದ್ದು ನಿಂತು, ಹುಡುಗನ ಬಲಗೈಯಲ್ಲಿ ಬಲಗೈ ಇಟ್ಟು ಒಪ್ಪಿಗೆಯ ಮಾತು ಹೇಳುತ್ತಾಳೆ. ಉಂಗುರ ತೊಡಿಸಿಕೊಳ್ಳುತ್ತಾಳೆ. ನಮ್ಮ ಕಡೆ ಕರಿಮಣಿಯನ್ನೋ ತಾಳಿಯನ್ನೋ ಗುರುಗಳು ಆಶೀರ್ವದಿಸಿ ಕೊಡುತ್ತಾರೆ, ಹುಡುಗ ಅದನ್ನು ಅವಳ ಕುತ್ತಿಗೆಗೆ ಹಾಕುತ್ತಾನೆ. ಮೊಣಕಾಲೂರಿ ಆಶೀರ್ವಾದ ಪಡೆಯುತ್ತಾಳೆ. ಕಥೋಲಿಕರಾದರೆ ಪರಮಪ್ರಸಾದ ಸ್ವೀಕರಿಸುತ್ತಾಳೆ. ಕೊನೆಗೆ ಮೇಜಿನ ಮುಂದೆ ಬಾಗಿ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾಳೆ. ಎಲ್ಲ ಸೇರಿ ಒಂದು ಗಂಟೆ, ಕೆಲವು ಸಲ ಒಂದೂವರೆ ಗಂಟೆ.

ಇಷ್ಟು ಕೆಲಸ ಮಾಡಬೇಕಾದ ದೇಹಕ್ಕೆ ಗೌನು ತೊಡಿಸುತ್ತೇವೆ. ಆದರೆ ಅಂಗಡಿಯಲ್ಲಿ ಅದನ್ನು ಆರಿಸುವುದು ಹೇಗೆ? ಕನ್ನಡಿಯ ಮುಂದೆ ನಿಂತುಕೊಂಡು. ಅಲುಗಾಡದೆ. ಹೊಟ್ಟೆ ಒಳಗೆಳೆದು, ಉಸಿರು ಹಿಡಿದು. ಹಾಗೆ ಆರಿಸಿದ ಗೌನು ನಿಲ್ಲುವುದಕ್ಕೆ ಮಾತ್ರ ಆಗುತ್ತದೆ.

ಟ್ರಯಲ್ ನೋಡುವಾಗ ಮೊಣಕಾಲೂರಿ ನೋಡಿ. ನಾಚಿಕೆ ಬೇಡ. ನನ್ನಲ್ಲಿಗೆ ಬರುವ ಪ್ರತಿ ಹುಡುಗಿಯಿಂದಲೂ ನಾನು ಇದನ್ನು ಮಾಡಿಸುತ್ತೇನೆ. ನೆಲದ ಮೇಲೆ ಒಂದು ದಿಂಬು ಹಾಕುತ್ತೇನೆ. ಯಾರ ಕೈಯನ್ನೂ ಹಿಡಿಯದೆ ಮೊಣಕಾಲೂರಬೇಕು. ಎರಡು ನಿಮಿಷ ಹಾಗೇ ಇರಬೇಕು. ಮತ್ತೆ ಎದ್ದು ನಿಲ್ಲಬೇಕು. ಮರ್ಮೇಡ್ ಎಂಬ ಮಾದರಿಯ ಗೌನು ತೊಟ್ಟವರು ಇಲ್ಲಿ ಸೋಲುತ್ತಾರೆ. ಎದೆಯಿಂದ ಮೊಣಕಾಲಿನವರೆಗೆ ಮೈಗೆ ಅಂಟಿಕೊಂಡು, ಮೊಣಕಾಲ ಕೆಳಗೆ ಮೀನಿನ ಬಾಲದ ಹಾಗೆ ಅರಳುವ ಗೌನು ಅದು. ನೋಡಲು ಚಂದ. ಆದರೆ ತೊಡೆಯ ಹತ್ತಿರ ಬಟ್ಟೆ ಬಿಗಿದುಕೊಂಡು ಮೊಣಕಾಲು ಮಡಿಯುವುದಿಲ್ಲ. ಆಶೀರ್ವಾದ ಪಡೆಯಲು ಮೊಣಕಾಲೂರಲಾಗದ ಬಟ್ಟೆ ಇಗರ್ಜಿಗೆ ತಕ್ಕದ್ದಲ್ಲ. ಸಂಜೆಯ ಪಾರ್ಟಿಗೆ ಬೇಕಾದರೆ ತೊಡಲಿ.

ಕೂತೂ ನೋಡಬೇಕು. ಬೆನ್ನಿಗೆ ಆನಿಕೆಯಿಲ್ಲದ ಸ್ಟೂಲಿನ ಮೇಲೆ ಹತ್ತು ನಿಮಿಷ. ಗೌನಿನ ಮೇಲ್ಭಾಗ ಸೆಟೆದು ನಿಲ್ಲಲಿ ಎಂದು ಒಳಗೆ ಕಡ್ಡಿ ಹೊಲಿದಿರುತ್ತಾರೆ. ಕಡ್ಡಿಯ ತುದಿಗೆ ಬಟ್ಟೆಯ ಹೊದಿಕೆ ಸರಿಯಾಗಿಲ್ಲದಿದ್ದರೆ ಅದು ಪಕ್ಕೆಗೆ ಚುಚ್ಚುತ್ತದೆ. ನಿಂತಾಗ ಗೊತ್ತಾಗುವುದಿಲ್ಲ, ಕೂತಾಗ ಗೊತ್ತಾಗುತ್ತದೆ. ಕೈ ಎರಡನ್ನೂ ಮುಂದೆ ಚಾಚಿ ನೋಡಿ, ಸಹಿ ಹಾಕುವ ಹಾಗೆ ಬಾಗಿಯೂ ನೋಡಿ. ಭುಜದ ಪಟ್ಟಿ ಇಲ್ಲದ ಗೌನಾದರೆ ಪ್ರತಿ ಸಲ ಬಾಗಿದಾಗಲೂ ಹುಡುಗಿ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಪೂಜೆಯುದ್ದಕ್ಕೂ ಅವಳ ಗಮನ ಅಲ್ಲೇ ಇರುತ್ತದೆ.

ಇನ್ನೆರಡು ಸಣ್ಣ ಸಂಗತಿಗಳಿವೆ. ಕರಿಮಣಿ ಹಾಕುವ ಪದ್ಧತಿ ಇದ್ದವರು ವೇಲನ್ನು, ಅಂದರೆ ತಲೆಯ ಮುಸುಕನ್ನು, ಎಲ್ಲಿ ಸಿಕ್ಕಿಸುತ್ತೇವೆ ಎಂದು ಮೊದಲೇ ಯೋಚಿಸಬೇಕು. ಕುತ್ತಿಗೆಯ ಹಿಂದೆ ವೇಲು, ಕೂದಲು, ಲೇಸಿನ ಕಾಲರು ಮೂರೂ ಸೇರಿಕೊಂಡರೆ ಹುಡುಗನ ಕೈ ನಡುಗುತ್ತದೆ. ಕೊಂಡಿ ಸಿಗುವುದಿಲ್ಲ. ಇಡೀ ಇಗರ್ಜಿ ಕಾಯುತ್ತದೆ. ವೇಲನ್ನು ನೆತ್ತಿಯ ಹತ್ತಿರ ಸಿಕ್ಕಿಸಿ, ಪಕ್ಕದಲ್ಲಿ ನಿಲ್ಲುವ ಗೆಳತಿಗೆ ಅದನ್ನು ಎತ್ತಿ ಹಿಡಿಯಲು ಹೇಳಿಕೊಡಿ. ಗ್ಲೌಸ್ ತೊಡುವವರು ಉಂಗುರದ ಹೊತ್ತಿಗೆ ಅದನ್ನು ಕಳಚಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ನನ್ನನ್ನು ಕೇಳಿದರೆ ಗ್ಲೌಸೇ ಬೇಡ. ನಮ್ಮ ಸೆಕೆಗೆ ಅದು ಹೇಳಿದ್ದಲ್ಲ.

ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳು ನಮ್ಮ ನಡುವೆ ಬಹಳ ಇವೆ. ಬೆಳ್ತಂಗಡಿಯಲ್ಲಿ 1999ರಿಂದ ಸಿರೋ ಮಲಬಾರ್ ಸಭೆಯ ಧರ್ಮಪ್ರಾಂತ್ಯವೇ ಇದೆ. ಅವರಲ್ಲಿ ಹುಡುಗನ ಮನೆಯವರು ಮಂತ್ರಕೋಡಿ ಎಂಬ ಸೀರೆ ತರುತ್ತಾರೆ. ಗುರುಗಳು ಅದನ್ನು ಆಶೀರ್ವದಿಸಿದ ಮೇಲೆ ಹುಡುಗ ಅದನ್ನು ಮದುಮಗಳ ತಲೆಯ ಮೇಲೆ ಹೊದಿಸುತ್ತಾನೆ. ಇನ್ನು ಮುಂದೆ ಇವಳನ್ನು ಕಾಯುವವನು ನಾನು ಎಂಬ ಭಾವ ಅದರಲ್ಲಿದೆ. ಮದುಮಗಳು ಗೌನಿನಲ್ಲಿದ್ದು ತಲೆಯ ಮೇಲೆ ಎತ್ತರದ ಕಿರೀಟ ಇದ್ದರೆ ಮಂತ್ರಕೋಡಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಜರಿಯ ನೂಲು ಎಳೆಯುತ್ತದೆ. ಅಂಥ ಮದುವೆಗೆ ಕಿರೀಟದ ಬದಲು ಹೂವು ಮುಡಿಯುವುದು ಎಲ್ಲಕ್ಕಿಂತ ಮೇಲು.

ಹೀಗೆ ಇಗರ್ಜಿಯ ದಾರಿ, ಅಲ್ಲಿ ನಡೆಯುವ ವಿಧಿ ಎರಡನ್ನೂ ನೋಡಿದೆವು. ಈಗ ಬಣ್ಣದ ಮಾತಿಗೆ ಬರೋಣ. ಬಿಳಿ ಗೌನೇ ಆಗಬೇಕು, ಅದು ಸಭೆಯ ಕಟ್ಟಳೆ ಎಂದು ನಂಬಿದವರು ಬಹಳ. ಹಾಗೆ ನಂಬಿ ಮನೆಯಲ್ಲಿ ಮಾತಿಗೆ ಮಾತು ಬೆಳೆಸಿಕೊಂಡವರೂ ಇದ್ದಾರೆ. ಕೇಳುಗರೇ, ಅಂಥ ಕಟ್ಟಳೆ ಇಲ್ಲ. ಸಭೆಯ ವಿವಾಹ ವಿಧಿಯಲ್ಲಿ ಒಪ್ಪಿಗೆಯ ಮಾತಿದೆ, ಉಂಗುರವಿದೆ, ಆಶೀರ್ವಾದವಿದೆ. ಮದುಮಗಳು ಇಂಥದ್ದೇ ಬಟ್ಟೆ, ಇಂಥದ್ದೇ ಬಣ್ಣ ತೊಡಬೇಕು ಎಂದಿಲ್ಲ.

ಬಿಳಿ ಗೌನು ಬಂದದ್ದು ಅರಮನೆಯಿಂದ. 1840ರ ಫೆಬ್ರವರಿ 10ರಂದು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮದುವೆ ಆಯಿತು. ಅಲ್ಲಿಯವರೆಗೆ ಅರಮನೆಯ ಹೆಣ್ಣುಮಕ್ಕಳು ಬೆಳ್ಳಿಯ ಎಳೆ ನೇಯ್ದ ಭಾರದ ಬಟ್ಟೆ ತೊಡುತ್ತಿದ್ದರು. ಸಾಮಾನ್ಯ ಮನೆಯ ಹುಡುಗಿ ತನ್ನಲ್ಲಿರುವುದರಲ್ಲೇ ಒಳ್ಳೆಯ ಉಡುಪು ತೊಟ್ಟು ಮದುವೆಯಾಗುತ್ತಿದ್ದಳು. ಅದು ನೀಲಿ ಇರಬಹುದು, ಕಂದು ಇರಬಹುದು. ವಿಕ್ಟೋರಿಯಾ ಬಿಳಿಯ ರೇಷ್ಮೆ ಸ್ಯಾಟಿನ್ ತೊಟ್ಟರು. ಬಟ್ಟೆ ನೇಯ್ದದ್ದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ನೇಕಾರರು. ಮೇಲಿನ ಹೋನಿಟನ್ ಲೇಸು ಡೆವನ್ ಪ್ರಾಂತ್ಯದ ಹೆಂಗಸರು ಕೈಯಲ್ಲಿ ಹೆಣೆದದ್ದು. ಯಂತ್ರದ ಲೇಸು ಬಂದು ಆ ಹೆಂಗಸರಿಗೆ ಕೆಲಸ ತಪ್ಪುತ್ತಿದ್ದ ಕಾಲ ಅದು. ರಾಣಿಯ ಗೌನು ಅವರಿಗೆ ಅನ್ನ ಕೊಟ್ಟಿತು. ತಲೆಗೆ ವಿಕ್ಟೋರಿಯಾ ಕಿರೀಟ ಇಟ್ಟುಕೊಳ್ಳಲಿಲ್ಲ. ಕಿತ್ತಳೆ ಹೂವಿನ ಮಾಲೆ ಮುಡಿದರು. ಈ ಸಂಗತಿ ನನಗೆ ಬಹಳ ಇಷ್ಟ. ರಾಣಿಯೇ ಮದುವೆಗೆ ಹೂವು ಮುಡಿದಿದ್ದಾರೆ ಎಂದ ಮೇಲೆ, ಉಡುಪಿ ಮಲ್ಲಿಗೆ ಬೆಳೆಯುವ ನಾಡಿನವರು ನಾವು ಕಲ್ಲಿನ ಕಿರೀಟಕ್ಕೆ ಯಾಕೆ ಅಷ್ಟು ಹಣ ಸುರಿಯಬೇಕು?

ಆ ಮದುವೆಯ ಚಿತ್ರಗಳು ಅಚ್ಚಾಗಿ ಊರೂರಿಗೆ ಹೋದವು. ಉಳ್ಳವರು ಬಿಳಿ ತೊಡಲು ಶುರುಮಾಡಿದರು. ನಿಧಾನವಾಗಿ ಅದು ಪದ್ಧತಿಯಾಯಿತು. ಆಮೇಲೆ ಅದಕ್ಕೆ ಪರಿಶುದ್ಧತೆಯ ಅರ್ಥವೂ ಕೂಡಿಕೊಂಡಿತು.

ನಮ್ಮ ನಾಡಿನ ಕಥೆ ಬೇರೆಯೇ. ಮಂಗಳೂರಿನ ಕಥೋಲಿಕ ಮದುಮಗಳ ಸಾಂಪ್ರದಾಯಿಕ ಉಡುಗೆ ಸಾಡೊ. ಅದು ಕೆಂಪು ರೇಷ್ಮೆ ಸೀರೆ. ಈಗಲೂ ಹೆಚ್ಚಿನ ಮನೆಗಳಲ್ಲಿ ಮದುಮಗಳು ಇಗರ್ಜಿಯಲ್ಲಿ ಗೌನು ತೊಟ್ಟು, ಹಾಲಿನಲ್ಲಿ ಸಾಡೊ ಉಟ್ಟುಕೊಳ್ಳುತ್ತಾಳೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಿಳಿ ಸೀರೆ ಉಟ್ಟು, ತಲೆಗೆ ವೇಲು ಹಾಕಿ ಮದುವೆಯಾದವರು ಎಷ್ಟೋ ಜನ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಮರಿಯಮ್ಮನವರಿಗೇ ಸೀರೆ ಉಡಿಸುತ್ತಾರೆ. ಆದ್ದರಿಂದ ಸೀರೆಯೇ ಇಷ್ಟ ಎನ್ನುವ ಹುಡುಗಿಗೆ “ನೆಂಟರು ಏನೆಂದುಕೊಳ್ಳುತ್ತಾರೆ” ಎಂದು ಗೌನು ತೊಡಿಸಬೇಡಿ. ಗೌನೇ ಇಷ್ಟ ಎನ್ನುವವಳಿಗೆ “ಅದು ಪರದೇಶದ್ದು” ಎಂದು ಚುಚ್ಚಲೂ ಬೇಡಿ. ಇಗರ್ಜಿ ಎರಡನ್ನೂ ಒಪ್ಪಿಕೊಂಡಿದೆ.

ಗೌನು, ಅದೂ ಬಿಳಿಯದೇ ಎಂದು ತೀರ್ಮಾನಿಸಿದವರಿಗೆ ಒಂದು ಮಾತು. ಬಿಳಿಯಲ್ಲಿ ಹಲವು ಬಗೆ ಇವೆ. ಅಚ್ಚ ಬಿಳಿ ಒಂದು. ಅದರಲ್ಲಿ ಸ್ವಲ್ಪ ನೀಲಿಯ ಛಾಯೆ ಇರುತ್ತದೆ. ಕೆನೆಬಣ್ಣ ಇನ್ನೊಂದು. ಅದಕ್ಕೆ ಅಂಗಡಿಯಲ್ಲಿ ಐವರಿ ಎನ್ನುತ್ತಾರೆ. ನಮ್ಮ ಗೋಧಿ ಬಣ್ಣದ, ಎಣ್ಣೆಗೆಂಪಿನ, ಕಪ್ಪು ಬಣ್ಣದ ಮೈಗಳಿಗೆ ಕೆನೆಬಣ್ಣ ಬಹಳ ಚೆನ್ನಾಗಿ ಹೊಂದುತ್ತದೆ. ಮುಖಕ್ಕೆ ಬೆಳಕು ಬಂದ ಹಾಗಿರುತ್ತದೆ. ಅಂಗಡಿಯ ದೀಪದಲ್ಲಿ ಎಲ್ಲ ಬಿಳಿಯೂ ಹೊಳೆಯುತ್ತದೆ, ಅದನ್ನು ನಂಬಬೇಡಿ. ಒಂದು ಗೇಣು ತುಂಡು ಕೇಳಿ ತನ್ನಿ. ಇಗರ್ಜಿಯ ಒಳಗೆ, ಮದುವೆಯ ಹೊತ್ತಿನ ಬೆಳಕಿನಲ್ಲಿ, ಕೆನ್ನೆಯ ಪಕ್ಕ ಹಿಡಿದು ನೋಡಿ. ಬಣ್ಣದ ಗಾಜಿನ ಕಿಟಕಿಗಳಿರುವ ಇಗರ್ಜಿಗಳಲ್ಲಿ ಇದು ಇನ್ನೂ ಮುಖ್ಯ.

ದಾರಿ, ವಿಧಿ, ಬಣ್ಣ, ಮೂರೂ ಆಯಿತು. ಇನ್ನು ಸೆಕೆ. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ, ಮದುವೆಯ ದಿನ ಎಲ್ಲರಿಗೂ ನೆನಪಾಗುತ್ತದೆ. ಮೇ ತಿಂಗಳ ಮಂಗಳೂರು. ಬಿಸಿಲು 33, 34 ಡಿಗ್ರಿ. ಅದಕ್ಕಿಂತ ಕಷ್ಟ ಗಾಳಿಯ ತೇವ. ಒಳಗೆ ಐನೂರು ಜನ. ಮೇಲೆ ಫ್ಯಾನುಗಳು. ಬಲಿಪೀಠದ ಹತ್ತಿರದ ಫ್ಯಾನನ್ನು ಮೇಣದ ಬತ್ತಿ ಆರಬಾರದೆಂದು ಎಷ್ಟೋ ಕಡೆ ನಿಲ್ಲಿಸಿರುತ್ತಾರೆ. ಜೊತೆಗೆ ವಿಡಿಯೋದವರ ದೀಪ. ಮದುಮಗಳ ಮೈಮೇಲೆ ಏನಿದೆ ಎಂದು ಎಣಿಸಿ. ಪಾಲಿಯೆಸ್ಟರ್ ಸ್ಯಾಟಿನ್. ಅದರ ಮೇಲೆ ನೆಟ್ ನಾಲ್ಕು ಪದರ. ಒಳಗೆ ಪಾಲಿಯೆಸ್ಟರಿನದೇ ಅಸ್ತರು. ಅದರೊಳಗೆ ಗೌನು ಉಬ್ಬಿ ನಿಲ್ಲಲೆಂದು ಒರಟು ನೆಟ್ಟಿನ ಕ್ಯಾನ್‌ಕ್ಯಾನ್. ಮಣಿ ಕೆಲಸ ಹೆಚ್ಚಿದ್ದರೆ ಗೌನಿನ ತೂಕ ನಾಲ್ಕೈದು ಕಿಲೋ. ಬೆಳಿಗ್ಗೆಯಿಂದ ಸರಿಯಾಗಿ ತಿನ್ನದ ಹುಡುಗಿ ಇದನ್ನೆಲ್ಲ ಹೊತ್ತು ನಿಲ್ಲಬೇಕು. ತಲೆ ತಿರುಗಿದರೆ ಅವಳ ತಪ್ಪೇನು?

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಅಸ್ತರು ಹತ್ತಿಯದು ಹಾಕಿಸಿ. ತೆಳು ಮಲ್ ಬಟ್ಟೆ ಸಾಕು, ಬೆವರು ಹೀರಿಕೊಳ್ಳುತ್ತದೆ. ಕ್ಯಾನ್‌ಕ್ಯಾನನ್ನು ಗೌನಿಗೇ ಹೊಲಿಸಬೇಡಿ. ಬೇರೆ ಲಂಗದ ಹಾಗೆ ಮಾಡಿಸಿ, ಅದರ ಕೆಳಗೆ ಹತ್ತಿಯ ಒಳಲಂಗ ಇರಲಿ. ಇಗರ್ಜಿ ಮುಗಿದ ಮೇಲೆ ಕ್ಯಾನ್‌ಕ್ಯಾನನ್ನು ಕಳಚಿಟ್ಟರೆ ಹಾಲಿನಲ್ಲಿ ಆರಾಮ. ಮಣಿ ಕೆಲಸ ಎದೆ ಮತ್ತು ತೋಳಿನ ಮೇಲಷ್ಟೇ ಸಾಕು. ವಿಡಿಯೋದಲ್ಲೂ ಫೋಟೋದಲ್ಲೂ ಕಾಣುವುದು ಅಷ್ಟೇ. ಡಿಸೆಂಬರ್, ಜನವರಿಯ ಮದುವೆಯಾದರೆ ಸ್ವಲ್ಪ ಭಾರದ ಬಟ್ಟೆಯನ್ನೂ ತಾಳಬಹುದು. ಮಡಿಕೇರಿಯವರಿಗೆ, ಚಿಕ್ಕಮಗಳೂರಿನವರಿಗೆ ನನ್ನ ಈ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ.

ಇಲ್ಲಿ ನನ್ನ ಮನಸ್ಸಿನ ಒಂದು ಆಸೆಯನ್ನು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ 1912ರಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಶುರುವಾಯಿತು. ಇವತ್ತಿಗೂ ಅಲ್ಲಿ ಕ್ರೇಪ್ ರೇಷ್ಮೆ ನೇಯುತ್ತಾರೆ. ರಾಮನಗರದಲ್ಲಿ ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ ಇದೆ. ಇಷ್ಟು ರೇಷ್ಮೆ ನಮ್ಮ ಮನೆಬಾಗಿಲಲ್ಲೇ ಇರುವಾಗ ಎಲ್ಲಿಂದಲೋ ಬಂದ ಪಾಲಿಯೆಸ್ಟರ್ ಗೌನಿಗೆ ಮುಗಿಬೀಳುತ್ತೇವೆ. ಕೆನೆಬಣ್ಣದ ಕ್ರೇಪ್ ರೇಷ್ಮೆ ಮೈಮೇಲೆ ಎಷ್ಟು ಚೆನ್ನಾಗಿ ಬೀಳುತ್ತದೆ ಎಂಬುದನ್ನು ತೊಟ್ಟವರೇ ಹೇಳಬೇಕು. ಉಸಿರಾಡುವ ಬಟ್ಟೆ. ಅಮ್ಮನ ಬಿಳಿ ಮದುವೆ ಸೀರೆ ಗಟ್ಟಿಯಾಗಿ ಉಳಿದಿದ್ದರೆ ಅದರಿಂದಲೇ ಗೌನು ಹೊಲಿಯಬಹುದು. ಐದೂವರೆ ಮೀಟರ್ ಸೀರೆಯಲ್ಲಿ ಎ-ಲೈನ್ ಗೌನು ಆಗುತ್ತದೆ. ತೋಳಿಗೆ ಬೇರೆ ಲೇಸು ಸೇರಿಸಿಕೊಂಡರಾಯಿತು. ಹೊಲಿಯುವ ಮುಂಚೆ ಸೀರೆಯನ್ನು ಬೆಳಕಿಗೆ ಹಿಡಿದು, ಮಡಿಕೆಗಳ ಗೆರೆಯಲ್ಲಿ ಎಳೆ ಸೀಳಿದೆಯೇ ಎಂದು ನೋಡಿಕೊಳ್ಳಿ.

ಬಟ್ಟೆಯ ಮಾತಾಯಿತು. ಇನ್ನೊಂದು ಸೂಕ್ಷ್ಮ ಸಂಗತಿ ಇದೆ. ಭುಜ ಮತ್ತು ಎದೆ ಮುಚ್ಚಿರಬೇಕು ಎಂದು ಬಹಳ ಇಗರ್ಜಿಗಳಲ್ಲಿ ಹೇಳುತ್ತಾರೆ. ಕೆಲವು ಕಡೆ ಬೋರ್ಡೇ ಇದೆ. ಇದನ್ನು ನಾನು ತಪ್ಪೆನ್ನುವುದಿಲ್ಲ. ಪ್ರಾರ್ಥನೆಯ ಜಾಗಕ್ಕೆ ಅದರದೇ ಮರ್ಯಾದೆ ಇದೆ. ಆದರೆ ಈ ಮಾತನ್ನು ಯಾವಾಗ ಹೇಳುತ್ತೇವೆ ಎಂಬುದು ದೊಡ್ಡ ವಿಷಯ. ಮದುವೆಯ ದಿನ, ಇಗರ್ಜಿಯ ಮೆಟ್ಟಿಲ ಮೇಲೆ, ಎಲ್ಲರೆದುರು ಹುಡುಗಿಯ ಹೆಗಲಿಗೆ ಯಾರದೋ ಶಾಲು ಹೊದಿಸುವುದು ಕ್ರೂರ. ಆ ಅವಮಾನ ಅವಳ ಮದುವೆಯ ನೆನಪಿನಲ್ಲಿ ಉಳಿದುಬಿಡುತ್ತದೆ. ಗುರುಗಳಿಗೆ, ಪಾಸ್ಟರುಗಳಿಗೆ ನನ್ನ ವಿನಂತಿ. ಮದುವೆಗೆ ಹೆಸರು ಕೊಡಲು ಬಂದ ದಿನವೇ ಇದನ್ನು ಮೆತ್ತಗೆ ಹೇಳಿಬಿಡಿ. ಹುಡುಗಿಯರೇ, ನೀವೂ ಆ ದಿನವೇ ಕೇಳಿಬಿಡಿ. ಭುಜವಿಲ್ಲದ ಗೌನೇ ಇಷ್ಟವಾದರೆ ಅದಕ್ಕೊಂದು ಲೇಸಿನ ಜಾಕೆಟ್ಟು ಹೊಲಿಸಬಹುದು. ಮೊಣಕೈವರೆಗೆ ತೋಳು, ಮುಂದೆ ಸಣ್ಣ ಗುಂಡಿಗಳು. ಇಗರ್ಜಿಯಲ್ಲಿ ತೊಟ್ಟು ಹಾಲಿನಲ್ಲಿ ತೆಗೆಯಬಹುದು. ಕ್ಯಾಥರೀನ್ ಅವರ ಗೌನಿನಲ್ಲಿ ಜನ ಮೆಚ್ಚಿಕೊಂಡದ್ದು ಉದ್ದ ತೋಳಿನ ಆ ಲೇಸನ್ನೇ ಅಲ್ಲವೇ?

ಯಾವ ಗೌನು ಎಂಬುದನ್ನು ಇಷ್ಟು ಹೊತ್ತು ಹೇಳಿದೆ. ಯಾವಾಗ ಹೊಲಿಸಬೇಕು ಎಂಬುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಮೂರು ತಿಂಗಳು ಮುಂಚೆ ಅಳತೆ ಕೊಡಿ. ಮದುವೆಯ ಹೊತ್ತಿಗೆ ತೆಳ್ಳಗಾಗುತ್ತೇನೆ ಎಂದು ಬಿಗಿ ಅಳತೆ ಕೊಡಬೇಡಿ. ಎರಡು ಬದಿಯ ಹೊಲಿಗೆಯಲ್ಲೂ ಒಂದೊಂದು ಇಂಚು ಬಟ್ಟೆ ಒಳಗೆ ಬಿಡಿಸಿ. ಆಗ ಬಿಗಿ ಮಾಡಬಹುದು, ಸಡಿಲವೂ ಮಾಡಬಹುದು. ಚಪ್ಪಲಿ ಕೊಂಡ ಮೇಲೆಯೇ ಗೌನಿನ ಅಂಚು ಮಡಿಸಬೇಕು. ಅಂಚು ಮುಂದೆ ನೆಲದಿಂದ ಒಂದು ಇಂಚು ಮೇಲಿರಲಿ, ಹೆಜ್ಜೆಗೆ ಸಿಕ್ಕುವುದಿಲ್ಲ. ಇಗರ್ಜಿಯಲ್ಲಿ ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದುತ್ತಾರಲ್ಲ, ಮೊದಲನೆಯದನ್ನು ಓದುವ ವಾರ ಕೊನೆಯ ಟ್ರಯಲ್ ಇಟ್ಟುಕೊಳ್ಳಿ. ಏನಾದರೂ ಸರಿಪಡಿಸಬೇಕಾದರೆ ಸಮಯ ಉಳಿದಿರುತ್ತದೆ.

ಕೊನೆಗೆ ಹಣದ ಮಾತು. ಲೆಕ್ಕ ಹಾಕಿ ನೋಡಿ. ಮುನ್ನಾದಿನದ ರೋಸಿಗೆ ಬೇರೆ ಉಡುಗೆ. ಹಾಲಿನಲ್ಲಿ ಸಾಡೊ. ಗೌನು ಮೈಮೇಲಿರುವುದು ಮೂರು ನಾಲ್ಕು ಗಂಟೆ. ಆ ಗಂಟೆಗಳಿಗಾಗಿ ಸಂಘದಲ್ಲಿ ಸಾಲ ಮಾಡಿ, ಮದುವೆಯ ಮರುತಿಂಗಳಿಂದ ಅಪ್ಪ ಕಂತು ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ನಾನು ಗೌನು ಹೊಲಿದೇ ಬದುಕುವವಳು, ಆದರೂ ಹೇಳುತ್ತೇನೆ. ಬಾಡಿಗೆಗೆ ತನ್ನಿ. ಅಕ್ಕನದನ್ನು ಬಿಗಿ ಮಾಡಿಸಿ ತೊಡಿ. 1947ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಮದುವೆಯಾದಾಗ ಅಲ್ಲಿ ಬಟ್ಟೆಗೆ ರೇಷನ್ ಇತ್ತು. ರಾಜನ ಮಗಳೂ ಕೂಪನ್ ಲೆಕ್ಕ ಹಾಕಿಯೇ ಗೌನು ಹೊಲಿಸಿಕೊಂಡರು. ದೇಶದ ಹೆಂಗಸರು ಪ್ರೀತಿಯಿಂದ ತಮ್ಮ ಕೂಪನ್ನುಗಳನ್ನು ಕಳಿಸಿದರು. ಒಬ್ಬರ ಕೂಪನ್ನು ಇನ್ನೊಬ್ಬರು ಬಳಸುವುದು ಕಾನೂನಿಗೆ ವಿರುದ್ಧವಾದ್ದರಿಂದ ಅವನ್ನೆಲ್ಲ ಹಿಂದಕ್ಕೆ ಕಳಿಸಬೇಕಾಯಿತು.

ನಮಗೆ ಅಂಥ ಕಾನೂನಿನ ಅಡ್ಡಿ ಇಲ್ಲ. ಒಬ್ಬರ ಗೌನನ್ನು ಇನ್ನೊಬ್ಬರು ಧಾರಾಳವಾಗಿ ತೊಡಬಹುದು. ಈ ಮಾತು ಕೇಳುತ್ತಿರುವ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದೇ ದಿನ ತೊಟ್ಟ ಗೌನು ಪ್ಲಾಸ್ಟಿಕ್ ಚೀಲದೊಳಗೆ ಹಳದಿಯಾಗುತ್ತಾ ಇದೆ. ದಯವಿಟ್ಟು ಅದನ್ನು ಹೊರಗೆ ತೆಗೆಯಿರಿ. ಡ್ರೈಕ್ಲೀನ್ ಮಾಡಿಸಿ. ಪ್ಲಾಸ್ಟಿಕ್ ಬಿಸಾಡಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ನಿಮ್ಮ ಊರಿನ ಇಗರ್ಜಿಯ ಸ್ತ್ರೀಯರ ಕೂಟಕ್ಕೆ ಒಯ್ದು ಕೊಡಿ. ಕೂಟದ ಸೋದರಿಯರೇ, ಒಂದು ಕಪಾಟು, ಒಂದು ನೋಟ್‌ಬುಕ್ಕು ಇಟ್ಟರೆ ಈ ಕೆಲಸ ನಡೆಯುತ್ತದೆ. ಗೌನಿನ ಅಳತೆ ಬರೆದಿಡಿ, ತೊಟ್ಟವಳು ತೊಳೆಸಿ ತಂದುಕೊಡಲಿ. ಮುಂದಿನ ಮದುವೆ ಕಾಲ ಕ್ರಿಸ್‌ಮಸ್ ಕಳೆದ ಕೂಡಲೇ ಶುರುವಾಗುತ್ತದೆ. ಅದಕ್ಕೆ ಮುಂಚೆ ನಿಮ್ಮ ಇಗರ್ಜಿಯಲ್ಲಿ ಇದನ್ನು ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ.